ದೋಣಿ ಹತ್ತುವ ಮೆಟ್ಟಿಲು: ಒಟ್ಟಾವಾದ ಎಂಟು ಲಾಕ್‌ಗಳು ಉಳಿದ ಬಗೆ

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಕೆನಡಾದ ರಾಜಧಾನಿ ಒಟ್ಟಾವಾ. ಅಲ್ಲಿ ಅದೇ ಹೆಸರಿನ ದೊಡ್ಡ ನದಿ ಹರಿಯುತ್ತದೆ. ನದಿಯ ದಡದಲ್ಲಿ ಕಡಿದಾದ ಬಂಡೆ, ಬಂಡೆಯ ಮೇಲೆ ಊರು, ಊರಿನ ನಡುವೆ ಒಂದು ಕಾಲುವೆ. ಅದರ ಹೆಸರು ರಿಡೋ ಕಾಲುವೆ. ನದಿಯ ನೀರಿಗೂ ಈ ಕಾಲುವೆಯ ನೀರಿಗೂ ಎತ್ತರದಲ್ಲಿ ಸುಮಾರು 24 ಮೀಟರ್ ವ್ಯತ್ಯಾಸ. ಎಂಟು ಅಂತಸ್ತಿನ ಕಟ್ಟಡದಷ್ಟು ಅಂದುಕೊಳ್ಳಿ. ನದಿಯಲ್ಲಿ ಬಂದ ದೋಣಿ ಕಾಲುವೆಗೆ ಹೋಗಬೇಕು. ಹೇಗೆ ಹೋಗುತ್ತದೆ?

ನಮ್ಮ ಕಡೆಯವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ನಾನು ನೀರಾವರಿ ಕೆಲಸದಲ್ಲಿ ಇದ್ದವನು. ನಮಗೆ ನಾಲೆ ಅಂದರೆ ಗದ್ದೆಗೆ ನೀರು. ನೆಲ ತಗ್ಗಾದ ಕಡೆ ಒಂದು ಡ್ರಾಪ್ ಕಟ್ಟುತ್ತೇವೆ, ನೀರು ಧುಮುಕಿ ಮುಂದೆ ಹೋಗುತ್ತದೆ. ಮಂಡ್ಯ ಕಡೆಯವರು ವಿಶ್ವೇಶ್ವರಯ್ಯ ನಾಲೆಯಲ್ಲಿ ಇದನ್ನು ನೋಡಿಯೇ ಇರುತ್ತೀರಿ. ನೀರು ಧುಮುಕಬಹುದು, ದೋಣಿ ಧುಮುಕುವಂತಿಲ್ಲ. ಮೇಲಾಗಿ ದೋಣಿ ವಾಪಸ್ ಹತ್ತಲೂ ಬೇಕು, ಅಲ್ವಾ?

ಅದಕ್ಕೇ ಲಾಕ್. ಲಾಕ್ ಅಂದರೆ ಕಲ್ಲಿನ ಗೋಡೆಯ ಉದ್ದನೆಯ ತೊಟ್ಟಿ. ಎರಡೂ ತುದಿಯಲ್ಲಿ ಗೇಟು. ಕೆಳಗಿನ ಗೇಟಿನಿಂದ ದೋಣಿ ಒಳಗೆ ಬರುತ್ತದೆ. ಗೇಟು ಮುಚ್ಚುತ್ತಾರೆ. ಮೇಲಿನ ಕಡೆಯ ತೂಬು ಎತ್ತುತ್ತಾರೆ. ಮೇಲಿನ ನೀರು ತಾನಾಗಿಯೇ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿ ತುಂಬುತ್ತಾ ಹೋದಂತೆ ದೋಣಿ ಏಳುತ್ತದೆ. ಎರಡೂ ಕಡೆ ನೀರು ಸಮ ಆದಾಗ ಮೇಲಿನ ಗೇಟು ತೆರೆಯುತ್ತಾರೆ, ದೋಣಿ ಮುಂದಕ್ಕೆ ಹೋಗುತ್ತದೆ. ಇಳಿಯುವಾಗ ಇದೇ ಕೆಲಸ ಹಿಂದುಮುಂದಾಗಿ. ಪಂಪ್ ಇಲ್ಲ, ಮೋಟಾರ್ ಇಲ್ಲ. ದೋಣಿಯನ್ನು ಎತ್ತುವುದು ಮೇಲಿನಿಂದ ಕೆಳಗೆ ಬರಬೇಕೆನ್ನುವ ನೀರಿನ ಸ್ವಭಾವ, ಅಷ್ಟೇ.

ಹಾಗಾದರೆ 24 ಮೀಟರ್‌ಗೂ ಒಂದೇ ತೊಟ್ಟಿ ಯಾಕೆ ಕಟ್ಟಲಿಲ್ಲ? ಇದು ಒಳ್ಳೆಯ ಪ್ರಶ್ನೆ. ನೀರಿನ ಆಳ ಎರಡರಷ್ಟಾದರೆ ಗೇಟಿನ ಮೇಲೆ ಬೀಳುವ ಒಟ್ಟು ಒತ್ತಡ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಸುಮಾರು ಇನ್ನೂರು ವರ್ಷದ ಹಿಂದೆ ಇದ್ದದ್ದು ಮರದ ಗೇಟು, ಕಲ್ಲಿನ ಗೋಡೆ. ಅವು ಅಷ್ಟು ಒತ್ತಡ ತಡೆಯುತ್ತಿರಲಿಲ್ಲ. ಅದಕ್ಕೇ ಎತ್ತರವನ್ನು ಎಂಟು ಪಾಲು ಮಾಡಿದರು. ಒಂದೊಂದು ಲಾಕ್ ಸುಮಾರು 3 ಮೀಟರ್ ಎತ್ತುತ್ತದೆ. ಎಂಟೂ ಒಂದಕ್ಕೊಂದು ಅಂಟಿಕೊಂಡು, ಕಣಿವೆಯಲ್ಲಿ ಮೆಟ್ಟಿಲಿನ ಹಾಗೆ ಕೂತಿವೆ. ಕೆಳಗಿನ ಲಾಕಿನ ಮೇಲಿನ ಗೇಟೇ ಮುಂದಿನ ಲಾಕಿನ ಕೆಳಗಿನ ಗೇಟು. ಒಂದೊಂದು ತೊಟ್ಟಿ 134 ಅಡಿ ಉದ್ದ, 33 ಅಡಿ ಅಗಲ. ಲೆಕ್ಕ ಹಾಕಿ ನೋಡಿ, ಒಂದು ತೊಟ್ಟಿಯನ್ನು ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ ತುಂಬಲು 12 ಲಕ್ಷ ಲೀಟರ್ ನೀರು ಬೇಕು. ಎಂಟೂ ಲಾಕ್ ದಾಟಲು ದೋಣಿಗೆ ಸುಮಾರು ಒಂದೂವರೆ ಗಂಟೆ.

ಗೇಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನನಗೆ ಇಡೀ ಲಾಕಿನಲ್ಲಿ ಇಷ್ಟವಾದ ಭಾಗ ಅದು. ಒಂದು ಗೇಟಿಗೆ ಎರಡು ಕದ. ಮುಚ್ಚಿದಾಗ ಅವು ನೇರ ಗೆರೆಯಲ್ಲಿ ನಿಲ್ಲುವುದಿಲ್ಲ. ಮೇಲಿನ ನೀರಿನ ಕಡೆಗೆ ಚೂಪಾಗಿ, ಬಾಣದ ತುದಿಯಂತೆ ಕೂಡಿಕೊಳ್ಳುತ್ತವೆ. ನೀರು ಒತ್ತಿದಷ್ಟೂ ಎರಡು ಕದ ಒಂದಕ್ಕೊಂದು ಬಿಗಿಯಾಗುತ್ತವೆ. ಅಗುಳಿ ಬೇಡ, ಚಿಲಕ ಬೇಡ. ಒಳಗೂ ಹೊರಗೂ ನೀರು ಸಮ ಆಗುವ ತನಕ ಹತ್ತು ಜನ ಎಳೆದರೂ ಗೇಟು ತೆರೆಯುವುದಿಲ್ಲ. ಸಮ ಆಯಿತೋ, ಒಬ್ಬಿಬ್ಬರು ಸಾಕು. ಅಂದರೆ ತೆರೆಯಬಾರದ ಹೊತ್ತಿನಲ್ಲಿ ತೆರೆಯದಂತೆ ನೀರೇ ಕಾಯುತ್ತದೆ. ಮಿಲಾನ್‌ನ ಕಾಲುವೆಗಳಿಗಾಗಿ ಲಿಯೊನಾರ್ಡೊ ಡಾ ವಿಂಚಿ ಐನೂರು ವರ್ಷದ ಹಿಂದೆ ಇಂಥ ಗೇಟಿನ ಚಿತ್ರ ಬರೆದಿದ್ದರು. ಒಟ್ಟಾವಾದಲ್ಲಿ ಇವತ್ತಿಗೂ ಅದೇ ತತ್ವ. ಅಷ್ಟೇ ಅಲ್ಲ, ಆ ಗೇಟುಗಳನ್ನು ಇವತ್ತಿಗೂ ಕೈಯಿಂದಲೇ ತಿರುಗಿಸುತ್ತಾರೆ. ದಡದಲ್ಲಿ ಕಬ್ಬಿಣದ ಕೈರಾಟೆಗಳಿವೆ. ಅವುಗಳನ್ನು ಕ್ರ್ಯಾಬ್ ಅನ್ನುತ್ತಾರೆ. ಸಿಬ್ಬಂದಿ ಹಿಡಿಕೆ ಹಿಡಿದು ತಿರುಗಿಸಿದರೆ ಸರಪಳಿ ಸುತ್ತಿಕೊಂಡು ಗೇಟನ್ನು ಎಳೆಯುತ್ತದೆ.

ಈ ಕೈರಾಟೆ ಯಾಕೆ ಉಳಿಯಿತು ಎನ್ನುವುದನ್ನು ಹೇಳಲು ನಾನು ಬಂದದ್ದು. ಅದಕ್ಕೆ ಮೊದಲು ಕಾಲುವೆ ಯಾಕೆ ಹುಟ್ಟಿತು ಅಂತ ನೋಡೋಣ.

1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಆಯಿತು. ಆಗ ಕೆನಡಾ ಬ್ರಿಟಿಷರ ಕೈಯಲ್ಲಿತ್ತು. ಮಾಂಟ್ರಿಯಲ್‌ನಿಂದ ಕಿಂಗ್‌ಸ್ಟನ್‌ನ ನೌಕಾನೆಲೆಗೆ ಸೈನ್ಯ, ಮದ್ದು, ಧಾನ್ಯ ಎಲ್ಲವೂ ಸೇಂಟ್ ಲಾರೆನ್ಸ್ ನದಿಯಲ್ಲೇ ಹೋಗಬೇಕಿತ್ತು. ಆ ನದಿಯ ಒಂದು ಭಾಗದಲ್ಲಿ ಎದುರು ದಡವೇ ಅಮೆರಿಕ. ಅಲ್ಲಿಂದ ತೋಪು ಇಟ್ಟರೆ ದಾರಿ ಬಂದ್. ಯುದ್ಧ ಮುಗಿದ ಮೇಲೂ ಈ ಭಯ ಹೋಗಲಿಲ್ಲ. ಒಳನಾಡಿನಲ್ಲಿ ಇನ್ನೊಂದು ನೀರಿನ ದಾರಿ ಬೇಕು ಅಂತ ತೀರ್ಮಾನಿಸಿದರು. ಮಾಂಟ್ರಿಯಲ್‌ನಿಂದ ಒಟ್ಟಾವಾ ನದಿ ಹಿಡಿದು ಮೇಲಕ್ಕೆ, ಅಲ್ಲಿಂದ ಕಾಡು, ಕೆರೆ, ಜೌಗು ದಾಟಿ ತೆಂಕಣಕ್ಕೆ, ಕಿಂಗ್‌ಸ್ಟನ್‌ವರೆಗೆ.

1826ರಲ್ಲಿ ಈ ಕೆಲಸಕ್ಕೆ ಬಂದವರು ಲೆಫ್ಟಿನೆಂಟ್ ಕರ್ನಲ್ ಜಾನ್ ಬೈ. ಬ್ರಿಟಿಷ್ ಸೈನ್ಯದ ಎಂಜಿನಿಯರ್. ಅವರು ಕಟ್ಟಿದ ಕಾಲುವೆಯ ಉದ್ದ 202 ಕಿಲೋಮೀಟರ್. ಅದರಲ್ಲಿ ಅಗೆದದ್ದು ಸುಮಾರು 19 ಕಿಲೋಮೀಟರ್ ಮಾತ್ರ. ಮಿಕ್ಕಿದ್ದೆಲ್ಲ ಇದ್ದ ನದಿ, ಇದ್ದ ಕೆರೆ. ಬಂಡೆಗಳ ಮೇಲೆ ನೀರು ನೊರೆಯಾಗಿ ಹರಿಯುವ ಕಡೆ ಅಣೆಕಟ್ಟು ಕಟ್ಟಿದರು, ಬಂಡೆಗಳು ನೀರಿನಲ್ಲಿ ಮುಳುಗಿದವು, ಮೇಲೆ ದೋಣಿ ಸಾಗುವಂತಾಯಿತು. ಅಣೆಕಟ್ಟಿನ ಪಕ್ಕದಲ್ಲಿ ಲಾಕ್. ಇಡೀ ದಾರಿ ಹೀಗೇ. ಒಟ್ಟಾವಾದಿಂದ ಅಪ್ಪರ್ ರಿಡೋ ಕೆರೆಯವರೆಗೆ 83 ಮೀಟರ್ ಏರು, ಅಲ್ಲಿಂದ ಕಿಂಗ್‌ಸ್ಟನ್‌ಗೆ 50 ಮೀಟರ್ ಇಳುಕಲು. ಜೋನ್ಸ್ ಫಾಲ್ಸ್ ಎಂಬಲ್ಲಿ ಕಮಾನಿನಂತೆ ಬಾಗಿದ ಕಲ್ಲಿನ ಅಣೆಕಟ್ಟು ಕಟ್ಟಿದರು. ಎತ್ತರ 60 ಅಡಿ. ಆ ಕಾಲಕ್ಕೆ ಇಡೀ ಉತ್ತರ ಅಮೆರಿಕದಲ್ಲೇ ಎತ್ತರದ್ದು. ಹಾಗ್ಸ್ ಬ್ಯಾಕ್ ಎಂಬಲ್ಲಿ ಕಟ್ಟಿದ ಅಣೆಕಟ್ಟು ಮಾತ್ರ ಕಟ್ಟುವಾಗಲೇ ಮೂರು ಸಲ ಒಡೆಯಿತು. ನಾಲ್ಕನೇ ಸಲ ನಿಂತಿತು.

ಕಾಲುವೆ ಒಟ್ಟಾವಾ ನದಿಗೆ ಸೇರಬೇಕಾದ ಕಡೆ ಇನ್ನೊಂದು ಕಷ್ಟ. ರಿಡೋ ನದಿ ತಾನೇ ಹೋಗಿ ಒಟ್ಟಾವಾ ನದಿಗೆ ಸೇರುತ್ತದೆ, ಆದರೆ ಜಲಪಾತವಾಗಿ ಬೀಳುತ್ತದೆ. ಹಾಗಾಗಿ ಬೈ ನದಿಯನ್ನು ಬಿಟ್ಟು, ಹಾಗ್ಸ್ ಬ್ಯಾಕ್‌ನಿಂದ ಬೇರೆ ಕಾಲುವೆ ತೋಡಿ, ಬಂಡೆಗಳ ನಡುವೆ ಇದ್ದ ಒಂದು ಕಿರಿದಾದ ಕಣಿವೆಗೆ ತಂದರು. ಆ ಕಣಿವೆಯಲ್ಲೇ ಈ ಎಂಟು ಲಾಕ್. 1827ರ ಆಗಸ್ಟ್ 16ರಂದು ಇಲ್ಲಿ ಕಲ್ಲು ಇಟ್ಟವರು ಜಾನ್ ಫ್ರ್ಯಾಂಕ್ಲಿನ್. ಮುಂದೆ ಆರ್ಕ್ಟಿಕ್ ಹಿಮದಲ್ಲಿ ಹಡಗುಗಳ ಜೊತೆ ಕಾಣೆಯಾದರಲ್ಲ, ಅದೇ ಫ್ರ್ಯಾಂಕ್ಲಿನ್.

ಕಲ್ಲಿನ ಕೆಲಸದ ಗುತ್ತಿಗೆ ಥಾಮಸ್ ಮೆಕೇ ಎಂಬ ಸ್ಕಾಟಿಷ್ ಗಾರೆ ಮೇಸ್ತ್ರಿಯದು. ಸುಣ್ಣಕಲ್ಲು ಹತ್ತಿರದ ಬಂಡೆಗಳಲ್ಲೇ ಸಿಕ್ಕಿತು. ನೀರಿನಲ್ಲಿ ಗಟ್ಟಿಯಾಗುವ ಸಿಮೆಂಟನ್ನು ನದಿಯಾಚೆಯ ಹಲ್ ಎಂಬ ಊರಿನಲ್ಲಿ ಸಿಕ್ಕ ಕಲ್ಲಿನಿಂದ ಮಾಡಿಕೊಂಡರು. ಕನ್ನಂಬಾಡಿಗೆ ಸುರ್ಕಿ ಗಾರೆ ಬಳಸಿದ್ದು ನಿಮಗೆ ಗೊತ್ತಲ್ಲ, ಅದೇ ದಾರಿ. ದೂರದಿಂದ ತರಿಸುವ ಬದಲು ಊರಲ್ಲಿ ಸಿಗುವುದರಿಂದ ನೀರಿಗೆ ತಡೆಯುವ ಗಾರೆ ಕಂಡುಕೊಳ್ಳುವುದು. ಇದೇ ಮೆಕೇ ಮುಂದೆ ದುಡ್ಡು ಮಾಡಿ ಒಂದು ದೊಡ್ಡ ಮನೆ ಕಟ್ಟಿಕೊಂಡರು. ಅದರ ಹೆಸರು ರಿಡೋ ಹಾಲ್. ಈಗ ಅದು ಕೆನಡಾದ ಗವರ್ನರ್ ಜನರಲ್ ಅವರ ಅಧಿಕೃತ ನಿವಾಸ.

ಆ ಕಲ್ಲಿನ ಕೆಲಸ ಎಷ್ಟು ಗಟ್ಟಿ ಅಂತ ಹೇಳಲು ಒಂದು ಸಂಗತಿ. ಲಾಕ್‌ಗಳ ಮೇಲ್ತುದಿಯಲ್ಲಿ ಸೈನಿಕರು ಸ್ಯಾಪರ್ಸ್ ಸೇತುವೆ ಅಂತ ಒಂದು ಕಲ್ಲಿನ ಕಮಾನು ಕಟ್ಟಿದ್ದರು. 1912ರಲ್ಲಿ ಊರು ಬೆಳೆದು ಅದನ್ನು ಕೆಡವಲು ಹೊರಟರು. ಡೈನಮೈಟ್ ಇಟ್ಟರು. ಜಗ್ಗಲಿಲ್ಲ. ಕೊನೆಗೆ ಟನ್‌ಗಟ್ಟಲೆ ಭಾರವನ್ನು ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ ಒಡೆಯಬೇಕಾಯಿತು. ಆ ಸೇತುವೆ ಹೋಯಿತು. ಕೆಳಗಿನ ಲಾಕ್‌ಗಳು ಉಳಿದವು.

ಈಗ ಕಟ್ಟಿದವರ ಮಾತು. ಇದನ್ನು ಬೇಗ ದಾಟಿಕೊಂಡು ಹೋಗಲು ನನಗೆ ಮನಸ್ಸಿಲ್ಲ.

ಕೆಲಸಕ್ಕೆ ಬಂದವರು ಹೆಚ್ಚಾಗಿ ಐರ್ಲೆಂಡಿನಿಂದ ಬಡತನ ತಾಳದೆ ಬಂದವರು, ಮತ್ತೆ ಫ್ರೆಂಚ್ ಕೆನಡಿಯನ್ನರು. ಕೆಲಸ ಗುದ್ದಲಿ, ಪಿಕಾಸಿ, ಕೈಗಾಡಿಯದು. ಬಂಡೆ ಸಿಡಿಸಲು ಕಪ್ಪು ಮದ್ದು. ಬಂಡೆ ಸಿಡಿದು ಸತ್ತವರಿದ್ದಾರೆ, ಮರ ಬಿದ್ದು ಸತ್ತವರಿದ್ದಾರೆ, ಮುಳುಗಿದವರಿದ್ದಾರೆ. ಆದರೆ ಎಲ್ಲಕ್ಕಿಂತ ಜಾಸ್ತಿ ಜನರನ್ನು ಕೊಂದದ್ದು ಕಾಯಿಲೆ, ಅದರಲ್ಲೂ ಮಲೇರಿಯಾ.

ಕೆನಡಾದಲ್ಲಿ ಮಲೇರಿಯಾನಾ ಅಂತ ಆಶ್ಚರ್ಯ ಆಗುತ್ತದೆ. ಬೇಸಿಗೆಯಲ್ಲಿ ಅಲ್ಲೂ ಸೆಕೆ ಇದೆ, ಜೌಗು ಇದೆ, ಅನಾಫಿಲಿಸ್ ಸೊಳ್ಳೆ ಇದೆ. ಕಾಯಿಲೆಯ ಜೀವಿ ಬೇರೆ ಕಡೆಯಿಂದ ಬಂದ ಮನುಷ್ಯರ ರಕ್ತದಲ್ಲಿ ಬಂತು. ಒಬ್ಬರಿಂದ ಒಬ್ಬರಿಗೆ ಸೊಳ್ಳೆ ಹಂಚಿತು. ಆಗಸ್ಟ್ ಬಂದರೆ ಕೆಲಸದ ಜಾಗಗಳಲ್ಲಿ ನಡುಗುವವರೇ ಜನ. ಮಲೆನಾಡಿನ ಹಿರಿಯರು ಇಲ್ಲಿದ್ದರೆ ನಾನು ವಿವರಿಸಬೇಕಿಲ್ಲ. ಊರಿಗೆ ಊರೇ ಚಳಿಜ್ವರಕ್ಕೆ ಬರಿದಾದ ಮಾತನ್ನು ಅವರು ಮನೆಯಲ್ಲೇ ಕೇಳಿ ಬೆಳೆದವರು. ಆಗ ಸೊಳ್ಳೆಯಿಂದ ಬರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಜೌಗಿನ ಕೆಟ್ಟ ಗಾಳಿ ಅಂದುಕೊಂಡಿದ್ದರು. ಕ್ವಿನೈನ್ ಇತ್ತು, ಆದರೆ ಕೂಲಿಯವನ ಕೈಗೆ ಎಟುಕದ ಬೆಲೆ. ಒಟ್ಟು ಸತ್ತವರು ಸುಮಾರು ಸಾವಿರ, ಅದರಲ್ಲಿ ಅರ್ಧದಷ್ಟು ಮಲೇರಿಯಾದಿಂದ ಅಂತ ಸಂಶೋಧಕರ ಅಂದಾಜು. ಬಹಳ ಜನರ ಸಮಾಧಿಗೆ ಒಂದು ಕಲ್ಲೂ ಇಲ್ಲ. ಅವರ ನೆನಪಿಗೆ ಒಟ್ಟಾವಾ ಲಾಕ್‌ಗಳ ಪಕ್ಕದಲ್ಲಿ ಒಂದು ಕೆಲ್ಟಿಕ್ ಶಿಲುಬೆ ನಿಲ್ಲಿಸಿದ್ದು 2004ರಲ್ಲಿ. ಎಷ್ಟು ತಡ ಅಂತ ನೀವೇ ಲೆಕ್ಕ ಹಾಕಿ.

ಇನ್ನೂ ಒಂದು ಮಾತು. ಆ ನೆಲ ಯಾರದು? ಅಲ್ಗಾಂಕ್ವಿನ್ ಜನರದು. ಒಪ್ಪಂದ ಮಾಡಿಕೊಂಡು ಅವರು ಬಿಟ್ಟುಕೊಟ್ಟ ನೆಲ ಅದಲ್ಲ. ಅಣೆಕಟ್ಟಿನ ನೀರು ನಿಂತದ್ದು ಅವರು ದೋಣಿ ಹೊತ್ತು ನಡೆದ ದಾರಿಗಳ ಮೇಲೆ, ಅವರು ಬೇಟೆಯಾಡಿದ ದಡಗಳ ಮೇಲೆ. ಪರಂಪರೆ ಅನ್ನುವಾಗ ಕಲ್ಲು ಕಟ್ಟಿದವರ ಜೊತೆ, ನೆಲ ಕಳೆದುಕೊಂಡವರೂ ಸೇರಬೇಕು ಅಂತ ನನ್ನ ಅಭಿಪ್ರಾಯ.

ಕಾಲುವೆ 1832ರಲ್ಲಿ ಮುಗಿಯಿತು. ಆ ಮೇ ತಿಂಗಳಲ್ಲಿ ಕಿಂಗ್‌ಸ್ಟನ್‌ನಿಂದ ಪಂಪರ್ ಎಂಬ ಉಗಿದೋಣಿ ಬೈ ಅವರನ್ನೂ ಕುಟುಂಬವನ್ನೂ ಹತ್ತಿಸಿಕೊಂಡು ಒಟ್ಟಾವಾಕ್ಕೆ ಬಂತು. ಆಗ ಊರಿನ ಹೆಸರು ಬೈಟೌನ್. ಅವರ ಹೆಸರಿನದೇ ಊರು. ಆದರೆ ಅದೇ ವರ್ಷ ಲಂಡನ್‌ನಿಂದ ಕರೆ ಬಂತು. ಮೊದಲ ಅಂದಾಜು 1,69,000 ಪೌಂಡ್. ಕೊನೆಗೆ ಆದ ಖರ್ಚು 8 ಲಕ್ಷ 22 ಸಾವಿರ ಪೌಂಡ್‌ಗೂ ಹೆಚ್ಚು. ಇಲ್ಲಿ ಒಂದು ವಿಷಯ ಗಮನಿಸಿ. ಮೊದಲ ಅಂದಾಜು ಮಾಡಿದವರು ಬೈ ಅಲ್ಲ, ಮತ್ತು ಅದು ಸಣ್ಣ ಲಾಕ್‌ಗಳಿಗೆ. ಉಗಿದೋಣಿಗಳ ಕಾಲ ಬರುತ್ತಿದೆ, ಲಾಕ್ ದೊಡ್ಡದಿರಬೇಕು ಅಂತ ಬೈ ಹಟ ಹಿಡಿದರು. ಅವರು ಕೇಳಿದ್ದು 150 ಅಡಿ ಉದ್ದ, 50 ಅಡಿ ಅಗಲ. ಸಿಕ್ಕಿದ್ದು ನಾನು ಆಗ ಹೇಳಿದ 134, 33. ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಅವರ ಮೇಲೆ ತಪ್ಪು ಸಾಬೀತಾಗಲಿಲ್ಲ. ಆದರೆ ಗೌರವವೂ ಸಿಗಲಿಲ್ಲ. 1836ರಲ್ಲಿ ತೀರಿಕೊಂಡರು. ದೊಡ್ಡ ಕಾಮಗಾರಿ ನಡೆಸಿದ ಎಂಜಿನಿಯರ್‌ಗಳು ಈ ಸಭೆಯಲ್ಲಿ ಇದ್ದೀರಿ. ಎಸ್ಟಿಮೇಟ್ ಹೆಚ್ಚಾದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಅಂದು ಅವರು ಹಟ ಹಿಡಿಯದಿದ್ದರೆ ಕಾಲುವೆ ಕೆಲವೇ ವರ್ಷಗಳಲ್ಲಿ ಯಾವ ದೋಣಿಗೂ ಬೇಡವಾಗುತ್ತಿತ್ತು.

ಈಗ ರಕ್ಷಣೆಯ ಮಾತಿಗೆ ಬರೋಣ. ಮೊದಲ ರಕ್ಷಣೆ ಮಾಡಿದ್ದು ಕಾನೂನಲ್ಲ. ಅದೃಷ್ಟ.

ಕಾಲುವೆ ಯಾವ ಯುದ್ಧಕ್ಕಾಗಿ ಕಟ್ಟಿದ್ದರೋ ಆ ಯುದ್ಧ ಮತ್ತೆ ಬರಲೇ ಇಲ್ಲ. ಕೆಲವು ವರ್ಷ ವ್ಯಾಪಾರದ ದೋಣಿಗಳು ಜೋರಾಗಿ ಓಡಾಡಿದವು. ಅಷ್ಟರಲ್ಲಿ 1840ರ ದಶಕದ ಕೊನೆಗೆ ಸೇಂಟ್ ಲಾರೆನ್ಸ್ ನದಿಯಲ್ಲೇ ಲಾಕ್‌ಗಳು ಮುಗಿದವು. ನೇರ ದಾರಿ ಸಿಕ್ಕ ಮೇಲೆ ಸುತ್ತು ದಾರಿ ಯಾರಿಗೆ ಬೇಕು? 1850ರ ದಶಕದಲ್ಲಿ ರೈಲು ಬಂತು. ರಿಡೋ ಕಾಲುವೆ ದೇಶದ ವ್ಯಾಪಾರಕ್ಕೆ ಮುಖ್ಯವಾಗಿ ಉಳಿಯಲಿಲ್ಲ. ಮುಖ್ಯವಾಗಿ ಉಳಿದ ಕಾಲುವೆಗಳಿಗೆ ಏನಾಯಿತು ನೋಡಿ. ಅವುಗಳನ್ನು ಅಗಲ ಮಾಡಿದರು, ಆಳ ಮಾಡಿದರು, ಹಳೆಯ ಲಾಕ್ ಒಡೆದು ಕಾಂಕ್ರೀಟ್ ಹಾಕಿದರು. ರಿಡೋಗೆ ಯಾರೂ ಅಷ್ಟು ದುಡ್ಡು ಸುರಿಯಲಿಲ್ಲ. ಹಾಗಂತ ಮುಚ್ಚಲೂ ಇಲ್ಲ. ದಡದ ಊರುಗಳಿಗೆ ಅದು ಬೇಕಿತ್ತು. ಸಣ್ಣ ದೋಣಿ, ಮರದ ದಿಮ್ಮಿ, ಚೀಸು, ಆಮೇಲೆ ಬೇಸಿಗೆಯ ಪ್ರವಾಸಿಗರು. ಹೀಗೆ ಮರೆತೂ ಮರೆಯದಂತೆ, ಹಳೆಯ ದಾರಿಯಲ್ಲೇ, ಹಳೆಯ ಅಳತೆಯಲ್ಲೇ ಅದು ನಡೆದುಕೊಂಡು ಬಂತು.

1925ರಲ್ಲಿ ಕೆನಡಾ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಗುರುತಿಸಿತು. ಆದರೆ ಗುರುತಿಸುವುದು ಬೇರೆ, ಯಾರ ಕೈಯಲ್ಲಿದೆ ಅನ್ನುವುದು ಬೇರೆ. ಆಮೇಲೂ ಬಹಳ ವರ್ಷ ಕಾಲುವೆ ಸಾರಿಗೆ ಇಲಾಖೆಯ ಕೈಯಲ್ಲೇ ಇತ್ತು. ಸಾರಿಗೆ ಇಲಾಖೆಗೆ ಲಾಕ್ ಅಂದರೆ ದೋಣಿ ಬೇಗ ದಾಟಿಸುವ ಸಾಧನ. ಅದು ತಪ್ಪೇನಲ್ಲ, ಅವರ ಕೆಲಸವೇ ಅದು. ಸ್ಮಿತ್ಸ್ ಫಾಲ್ಸ್ ಎಂಬ ಊರಿನಲ್ಲಿ ಮೂರು ಹಳೆಯ ಲಾಕ್‌ಗಳ ಮೆಟ್ಟಿಲಿತ್ತು. ಅದರ ಪಕ್ಕದಲ್ಲೇ ಮೂರರ ಕೆಲಸವನ್ನೂ ಒಂದೇ ಏಟಿಗೆ ಮಾಡುವ ಕಾಂಕ್ರೀಟಿನ ಹೊಸ ಲಾಕ್ ಕಟ್ಟಿದರು. 1970ರ ದಶಕದ ಮೊದಲಿಗೆ ಅದು ಶುರುವಾಯಿತು. ಗುಂಡಿ ಒತ್ತಿದರೆ ಗೇಟು ತೆರೆಯುತ್ತದೆ. ಹಳೆಯ ಮೂರು ಲಾಕ್ ಪಕ್ಕದಲ್ಲೇ ಸುಮ್ನೆ ನಿಂತಿವೆ.

ಆ ಜಾಗವನ್ನು ನೋಡಿದರೆ ನನ್ನ ಮಾತು ಅರ್ಥ ಆಗುತ್ತದೆ. ಅಲ್ಲಿ ಹಳೆಯ ಕಲ್ಲು ಹಾಗೇ ಇದೆ. ಯಾರೂ ಕೆಡವಲಿಲ್ಲ. ಆದರೆ ಅಲ್ಲಿ ದೋಣಿ ಏರುವುದಿಲ್ಲ. ನೀರು ಸಮ ಆಗುವುದನ್ನು ಕಾಯುತ್ತಾ ಯಾರೂ ನಿಲ್ಲುವುದಿಲ್ಲ. ಕಲ್ಲು ಉಳಿಯಿತು, ಲಾಕ್ ಹೋಯಿತು. ಒಟ್ಟಾವಾದ ಎಂಟು ಲಾಕ್‌ಗಳಿಗೂ ಹೀಗೇ ಆಗಬಹುದಿತ್ತು. ವಿದ್ಯುತ್ ಬಂದದ್ದು ಇಡೀ ಕಾಲುವೆಯಲ್ಲಿ ಮೂರೇ ಕಡೆ: ಸ್ಮಿತ್ಸ್ ಫಾಲ್ಸ್, ನ್ಯೂಬರೋ, ಬ್ಲ್ಯಾಕ್ ರ‍್ಯಾಪಿಡ್ಸ್. ಅಲ್ಲಿಗೆ ನಿಂತಿತು. 1972ರಲ್ಲಿ ಕಾಲುವೆಯನ್ನು ಸಾರಿಗೆ ಇಲಾಖೆಯಿಂದ ತೆಗೆದು, ರಾಷ್ಟ್ರೀಯ ಉದ್ಯಾನ, ಐತಿಹಾಸಿಕ ತಾಣಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾಕ್ಕೆ ಕೊಟ್ಟರು. ಅವರ ಕೆಲಸ ದೋಣಿ ದಾಟಿಸುವುದಷ್ಟೇ ಅಲ್ಲ, ಹಳೆಯ ರೀತಿಯಲ್ಲೇ ದಾಟಿಸುವುದು. 1972 ನನಗೆ, ಕಾಲುವೆ ಯುನೆಸ್ಕೋ ಪಟ್ಟಿಗೆ ಸೇರಿದ 2007ಕ್ಕಿಂತ ದೊಡ್ಡ ವರ್ಷ. ಪಟ್ಟಿಗೆ ಸೇರಿದ ದಿನ ಎಲ್ಲರಿಗೂ ನೆನಪಿರುತ್ತದೆ, ಕೈ ಬದಲಾದ ದಿನ ಯಾರಿಗೂ ನೆನಪಿರುವುದಿಲ್ಲ.

2007ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಕಿಂಗ್‌ಸ್ಟನ್‌ನ ಕೋಟೆಗಳೂ ಜೊತೆಗೆ ಸೇರಿದವು. ಕಾರಣ ಸರಳ. ಉತ್ತರ ಅಮೆರಿಕದಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಕಾಲುವೆ ಕಟ್ಟುವ ದೊಡ್ಡ ಅಲೆ ಎದ್ದಿತ್ತು. ಆ ಕಾಲದ ಕಾಲುವೆಗಳಲ್ಲಿ ಮೊದಲಿನ ದಾರಿಯಲ್ಲೇ, ಮೊದಲಿನ ಕಟ್ಟಡಗಳಲ್ಲಿ ಹೆಚ್ಚಿನವನ್ನು ಉಳಿಸಿಕೊಂಡು ಇನ್ನೂ ಕೆಲಸ ಮಾಡುತ್ತಿರುವುದು ಇದೊಂದೇ.

ಪಟ್ಟಿಗೆ ಸೇರಿದ ಮೇಲೆ ಒಂದು ಹೊಸ ತಕರಾರು ಶುರುವಾಯಿತು. ಕಾಲುವೆಯ ನೀರು, ಲಾಕ್, ಅಣೆಕಟ್ಟು ಎಲ್ಲವೂ ಕೇಂದ್ರ ಸರ್ಕಾರದ್ದು. ಅದಕ್ಕೆ ಕಾಪು ಗಟ್ಟಿ. ಆದರೆ ದಡದಿಂದ ಆಚೆ ಖಾಸಗಿ ಮನೆ, ತೋಟ, ಹಲವು ಪುರಸಭೆಗಳು. ಯುನೆಸ್ಕೋ ಒಪ್ಪಿದ ರಕ್ಷಣಾ ವಲಯದ ಅಗಲ ದಡದಿಂದ 30 ಮೀಟರ್. 30 ಮೀಟರ್ ಅಂದರೆ ಎಷ್ಟು? ಆಚೆ ಕಡೆ ಎತ್ತರದ ಕಟ್ಟಡ ಎದ್ದರೆ ಲಾಕಿನಲ್ಲಿ ನಿಂತವರ ಕಣ್ಣಿಗೆ ರಾಚುತ್ತದೆ. ಕಲ್ಲಿಗೆ ಏನೂ ಆಗಿರುವುದಿಲ್ಲ, ಆದರೆ ಜಾಗದ ಮುಖ ಬದಲಾಗಿರುತ್ತದೆ.

ಒಟ್ಟಾವಾ ಲಾಕ್‌ಗಳ ಪಕ್ಕದಲ್ಲೇ ಇದು ನಡೆಯಿತು. ಲಾಕ್‌ಗಳ ಒಂದು ಪಕ್ಕದಲ್ಲಿ ಪಾರ್ಲಿಮೆಂಟ್ ಬೆಟ್ಟ. ಇನ್ನೊಂದು ಪಕ್ಕದಲ್ಲಿ 1912ರ ಶಾಟೊ ಲೋರಿಯೆ ಹೋಟೆಲು. ಕೋಟೆಯ ಹಾಗೆ ಕಾಣುವ, ತಾಮ್ರದ ಚಾವಣಿಯ ಕಟ್ಟಡ. ಅದರ ಹಿಂಬದಿಗೆ ಪೆಟ್ಟಿಗೆಯಂಥ ಹೊಸ ಭಾಗ ಸೇರಿಸಲು ಮಾಲೀಕರು ಯೋಜನೆ ತಂದರು. ಊರಿನವರು ಸಿಟ್ಟಾದರು. ಸಭೆ, ಪತ್ರ, ಕೋರ್ಟು, ನಗರಸಭೆಯ ಚರ್ಚೆ, ವರ್ಷಗಟ್ಟಲೆ ನಡೆಯಿತು. ನಕ್ಷೆ ಮತ್ತೆ ಮತ್ತೆ ಬದಲಾಯಿತು. ಕೊನೆಗೆ 2021ರಲ್ಲಿ ಹಳೆಯ ಕಟ್ಟಡಕ್ಕೆ ಹೊಂದುವ ಬೇರೆ ನಕ್ಷೆಗೆ ಒಪ್ಪಿಗೆ ಸಿಕ್ಕಿತು.

ನಮಗೂ ಈ ಅನುಭವ ಇದೆ. ಹಂಪಿ 1986ರಲ್ಲಿ ಪಟ್ಟಿಗೆ ಸೇರಿತು. ಆನೆಗೊಂದಿಗೆ ಹೋಗಲು ತುಂಗಭದ್ರೆಗೆ ಸೇತುವೆ ಕಟ್ಟಲು ಹೊರಟಾಗ, 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಅದರಿಂದ ಹೊರಬಂದದ್ದು 2006ರಲ್ಲಿ. 2009ರಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಸತ್ತರು. ಊರಿನವರಿಗೆ ಸೇತುವೆ ಬೇಕಿತ್ತು ಅನ್ನುವುದೂ ಸುಳ್ಳಲ್ಲ. ಸಂಜೆಯ ಮೇಲೆ ತೆಪ್ಪಕ್ಕೆ ಕಾಯುವ ಕಷ್ಟ ನನಗೆ ಗೊತ್ತು. ಆದರೆ ಅದೇ ಹಂಪಿಯಲ್ಲಿ ನಾವು ಅಷ್ಟಾಗಿ ಮಾತಾಡದ ಇನ್ನೊಂದು ಪರಂಪರೆ ಇದೆ. ತುರ್ತು ಕಾಲುವೆ. ವಿಜಯನಗರದ ಕಾಲದ್ದು. ಇವತ್ತಿಗೂ ಅದರಲ್ಲಿ ನೀರು ಹರಿಯುತ್ತದೆ, ಇವತ್ತಿಗೂ ಗದ್ದೆ, ಬಾಳೆತೋಟ ಅದರಿಂದ ನೆನೆಯುತ್ತವೆ. ಹಂಪಿಗೆ ಹೋದವರು ಕಲ್ಲಿನ ರಥ ನೋಡಿ ಬರುತ್ತಾರೆ. ಪಕ್ಕದಲ್ಲೇ ಕೆಲಸ ಮಾಡುತ್ತಿರುವ ಕಾಲುವೆಯನ್ನು ಯಾರಾದರೂ ತೋರಿಸಿದ್ದಾರಾ?

ಈಗ ಮುಂದಿನ ಸಾಲಿನಲ್ಲಿ ಕೂತ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಗೇಟಿನ ಮರ ಕೊಳೆತು ಬದಲಾಗುತ್ತಲೇ ಇರುತ್ತದೆ ಅಂದರೆ, ಅದು ಹಳೆಯ ಲಾಕ್ ಹೇಗಾಗುತ್ತದೆ ಅಂತ. ಸರಿಯಾದ ಪ್ರಶ್ನೆ. ಹೌದು, ನೀರಿನಲ್ಲಿ ನಿಂತ ಮರದ ಗೇಟು ಒಂದೆರಡು ದಶಕಕ್ಕಿಂತ ಜಾಸ್ತಿ ಬಾಳುವುದಿಲ್ಲ. 1832ರಿಂದ ಈವರೆಗೆ ಎಷ್ಟು ಸಲ ಬದಲಾಗಿರಬೇಕು ಯೋಚಿಸಿ. ಈಗ ಡಗ್ಲಸ್ ಫರ್ ಎಂಬ ಮರದಿಂದ ಮಾಡುತ್ತಾರೆ. ಚಳಿಗಾಲದಲ್ಲಿ ನೀರು ಇಳಿಸಿ, ಕ್ರೇನಿನಲ್ಲಿ ಹಳೆಯದನ್ನು ಎತ್ತಿ ಹೊಸದನ್ನು ಇಳಿಸುತ್ತಾರೆ. ಮರ ಹೊಸದು. ಆದರೆ ಅಳತೆ, ಜೋಡಣೆ, ಕದ ಕೂಡುವ ಕೋನ, ಅದನ್ನು ಮಾಡಬಲ್ಲ ಬಡಗಿಯ ಕೈ, ಇವು ಹಳೆಯವು. ಗೇಟನ್ನು ಬದಲಿಸದೆ ಗಾಜಿನೊಳಗೆ ಇಟ್ಟರೆ ಮರ ಉಳಿಯಬಹುದು. ಗೇಟು ಮಾಡುವ ವಿದ್ಯೆ ಒಂದು ತಲೆಮಾರಿನಲ್ಲಿ ಹೋಗುತ್ತದೆ.

ಕಲ್ಲಿಗೂ ಹೀಗೇ. ಕೆನಡಾದ ಚಳಿ ಕಲ್ಲಿಗೆ ದೊಡ್ಡ ಶತ್ರು. ಸಂದಿಯಲ್ಲಿ ನಿಂತ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲನ್ನು ನೂಕುತ್ತದೆ, ವಸಂತದಲ್ಲಿ ಕರಗುತ್ತದೆ. ಮತ್ತೆ ಹೆಪ್ಪುಗಟ್ಟುತ್ತದೆ. ವರ್ಷಕ್ಕೆ ಎಷ್ಟೋ ಸಲ. ಹಾಗಾಗಿ ಗೋಡೆಯ ಒಳಗೆ ಗ್ರೌಟ್, ಅಂದರೆ ತೆಳು ಗಾರೆ ತುಂಬುವುದು, ಸಂದಿಗೆ ಗಾರೆ ಹಾಕುವುದು, ಸಡಿಲವಾದ ಕಲ್ಲು ತೆಗೆದು ನಂಬರ್ ಹಾಕಿ ಮತ್ತೆ ಅಲ್ಲೇ ಕೂರಿಸುವುದು ಮುಗಿಯದ ಕೆಲಸ. ಹವೆ ಬದಲಾಗುತ್ತಿರುವುದು ಇದನ್ನು ಇನ್ನೂ ಕಷ್ಟ ಮಾಡುತ್ತಿದೆ. ಕಾಲುವೆಯ ನಗರದ ಭಾಗದಲ್ಲಿ ಚಳಿಗಾಲಕ್ಕೆ ನೀರಿನ ಮಟ್ಟ ಇಳಿಸಿ 7.8 ಕಿಲೋಮೀಟರ್ ಸ್ಕೇಟಿಂಗ್ ದಾರಿ ಮಾಡುತ್ತಾರೆ. 1970ರ ದಶಕದ ಶುರುವಿನಿಂದ ಪ್ರತಿವರ್ಷ ನಡೆದಿತ್ತು. 2022-23ರ ಚಳಿಗಾಲದಲ್ಲಿ ಮಂಜುಗಡ್ಡೆ ಸಾಕಷ್ಟು ದಪ್ಪ ಆಗದೆ, ಮೊದಲ ಸಲ ಒಂದು ದಿನವೂ ತೆರೆಯಲಿಲ್ಲ.

ಕೊನೆಯದಾಗಿ ಲಾಕ್ ಸಿಬ್ಬಂದಿ. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆ ಅವರು. ತೂಬು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅನ್ನುವುದು ಅವರ ತಲೆಯಲ್ಲಿರುತ್ತದೆ. ಎಂಟು ಲಾಕಿನ ಮೆಟ್ಟಿಲಿನಲ್ಲಿ ಕ್ರಮ ತಪ್ಪುವಂತಿಲ್ಲ. ಹತ್ತುವ ದೋಣಿಗೆ ಮೇಲಿನ ತೊಟ್ಟಿಗಳು ಮೊದಲೇ ತುಂಬಿರಬೇಕು. ಇಳಿಯುವ ದೋಣಿಗೆ ಕೆಳಗಿನವು ಖಾಲಿ ಇರಬೇಕು. ನಡುವೆ ಎರಡು ದೋಣಿ ಎದುರುಬದುರಾಗಲು ಜಾಗವೇ ಇಲ್ಲ. ಹಾಗಾಗಿ ಹತ್ತುವವರನ್ನೆಲ್ಲ ಒಟ್ಟಿಗೆ ಹತ್ತಿಸಿ, ಆಮೇಲೆ ಇಳಿಯುವವರನ್ನು ಇಳಿಸಬೇಕು. ತಪ್ಪಿದರೆ ಒಂದು ತೊಟ್ಟಿ ಉಕ್ಕುತ್ತದೆ, ಇನ್ನೊಂದರಲ್ಲಿ ದೋಣಿ ತಳ ಕಚ್ಚುತ್ತದೆ. ಇದು ಪುಸ್ತಕ ಓದಿ ಬರುವುದಲ್ಲ. ಹಳಬರ ಪಕ್ಕದಲ್ಲಿ ನಿಂತು ಕಲಿಯಬೇಕು.

2012ರಲ್ಲಿ ಸರ್ಕಾರ ಬಜೆಟ್ ಕಡಿತ ಮಾಡಿತು. ಲಾಕ್ ತೆರೆದಿರುವ ಗಂಟೆಗಳು ಕಮ್ಮಿಯಾದವು, ಕೆಲಸಗಾರರು ಕಮ್ಮಿಯಾದರು. ಒಂದು ಕಲ್ಲೂ ಅಲುಗಲಿಲ್ಲ. ಯುನೆಸ್ಕೋ ಪಟ್ಟಿಯಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಆದರೆ ದಡದ ಊರಿನವರು, ದೋಣಿಯವರು, ಅಂಗಡಿಯವರು ಗಟ್ಟಿಯಾಗಿ ಆಕ್ಷೇಪಿಸಿದರು. ಅವರು ಹೇಳಿದ್ದು ಸರಿ ಅಂತ ನನಗೆ ಖಚಿತ. ಕೈರಾಟೆ ತಿರುಗಿಸುವವರ ಸಂಬಳ ಖರ್ಚಿನ ಪಟ್ಟಿಯಲ್ಲಿ ಸಿಬ್ಬಂದಿ ವೆಚ್ಚ ಅಂತ ಬರುತ್ತದೆ. ಅದು ಸಂರಕ್ಷಣೆ ಅನ್ನುವ ತಲೆಬರಹದ ಕೆಳಗೆ ಬರಬೇಕು. ಗೋಡೆಗೆ ಹಾಕುವ ಗಾರೆ ಹೇಗೋ, ಆ ಸಂಬಳವೂ ಹಾಗೇ. ನಮ್ಮಲ್ಲಿ ಕೆರೆಯ ಕಲ್ಲಿನ ತೂಬಿಗೆ ಬಣ್ಣ ಹೊಡೆದು ಫಲಕ ಹಾಕುತ್ತೇವೆ, ನೀರುಗಂಟಿಯ ಮಗನಿಗೆ ಆ ಕೆಲಸದಲ್ಲಿ ಒಂದು ರೂಪಾಯಿಯೂ ಇಲ್ಲ. ನಾನು ಇದನ್ನು ನೋಡಿ ಬೇಜಾರಾಗಿಯೇ ಈ ಎಂಟು ಲಾಕ್‌ಗಳ ವಿಷಯ ಹಿಡಿದದ್ದು.

ಮಕ್ಕಳನ್ನು ನೋಡಲು ಕೆನಡಾಕ್ಕೆ ಹೋಗುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಹೋದರೆ ಮೇ ಮಧ್ಯದಿಂದ ಅಕ್ಟೋಬರ್ ಮೊದಲ ಭಾಗದೊಳಗೆ ಹೋಗಿ. ದೋಣಿ ಓಡಾಡುವುದು ಆಗ ಮಾತ್ರ. ಪಾರ್ಲಿಮೆಂಟಿನ ಪಕ್ಕದ ಸೇತುವೆಯ ಮೇಲಿಂದ ಫೋಟೋ ತೆಗೆದುಕೊಂಡು ವಾಪಸ್ ಬರಬೇಡಿ. ಕೆಳಗೆ ನದಿಯವರೆಗೆ ಇಳಿಯಿರಿ. ದಾರಿಯಲ್ಲೇ 1827ರ ಕಲ್ಲಿನ ಉಗ್ರಾಣ ಸಿಗುತ್ತದೆ, ಈಗ ಅದು ಬೈಟೌನ್ ಮ್ಯೂಸಿಯಂ. ಒಟ್ಟಾವಾದಲ್ಲಿ ಉಳಿದಿರುವ ಅತಿ ಹಳೆಯ ಕಲ್ಲಿನ ಕಟ್ಟಡ. ಅದನ್ನು ದಾಟಿ ಕೆಳಗಿನ ಲಾಕಿನ ಹತ್ತಿರ ನಿಲ್ಲಿ. ದೋಣಿ ಬಂದರೆ ಅದರ ಜೊತೆಗೇ ಮೆಟ್ಟಿಲು ಹತ್ತಿಕೊಂಡು ಮೇಲೆ ಬನ್ನಿ, ಒಂದೂವರೆ ಗಂಟೆ ಆಗುತ್ತದೆ. ಸಿಬ್ಬಂದಿಯನ್ನು ಮಾತಾಡಿಸಿ. ಯಾವ ತೂಬು ಮೊದಲು, ಯಾಕೆ ಅಂತ ಕೇಳಿ.